ಆಕ್ಷೇಪಿಸುವವರಿಗೂ ವೀಸಾ

ವಿಜ್ಞಾನ ಸಮ್ಮೇಳನಕ್ಕೆ ಬರುವ ವಿದೇಶಿ ವಿದ್ವಾಂಸರಿಗೆ ವೀಸಾ ಕೊಡುವುದು ಅತಿಥಿಗೆ ತೋರುವ ಸೌಜನ್ಯ ಎಂದು ಸರ್ಕಾರಗಳು ತಿಳಿದಿವೆ. ವಿದ್ವಾಂಸರೂ ಬಹುಮಟ್ಟಿಗೆ ಅದನ್ನೇ ಒಪ್ಪಿಕೊಂಡು ಬಂದಿದ್ದಾರೆ. ನನಗೆ ಇದು ತಪ್ಪು ತಿಳಿವಳಿಕೆಯಾಗಿ ಕಾಣುತ್ತದೆ. ಒಂದು ಮಾತು ವೈಜ್ಞಾನಿಕ ಸತ್ಯ ಎನಿಸಿಕೊಳ್ಳಬೇಕಾದರೆ ಯಾರು ಬೇಕಾದರೂ ಎದ್ದು ನಿಂತು ಅದನ್ನು ಪ್ರಶ್ನಿಸುವಂತಿರಬೇಕು, ಪ್ರಶ್ನೆಯನ್ನು ತಾಳಿಕೊಂಡು ಅದು ಉಳಿಯಬೇಕು. ಹೇಳಿದವರು ಎಷ್ಟು ದೊಡ್ಡವರು ಎಂಬುದು ಲೆಕ್ಕಕ್ಕಿಲ್ಲ. ಹೀಗಿರುವಾಗ ಪ್ರಶ್ನೆ ಕೇಳಬೇಕಾದವರೇ ಗಡಿಯಾಚೆ ಉಳಿದರೆ ಅವರಿಗಷ್ಟೇ ನಷ್ಟವಾಗುವುದಿಲ್ಲ. ಸಭೆಯಲ್ಲಿ ಸಾಬೀತಾಯಿತು ಅಂದುಕೊಂಡದ್ದರ ತೂಕವೇ ಅಷ್ಟರಮಟ್ಟಿಗೆ ಇಳಿಯುತ್ತದೆ.

ಏಡ್ಸ್ ಸಮ್ಮೇಳನಗಳ ಇತಿಹಾಸದಲ್ಲಿ ಇದಕ್ಕೆ ನಿಚ್ಚಳವಾದ ಸಾಕ್ಷ್ಯವಿದೆ. 1987ರಿಂದ ಅಮೆರಿಕ ಎಚ್‌ಐವಿ ಸೋಂಕಿತ ವಿದೇಶಿಯರಿಗೆ ತನ್ನ ಗಡಿಯನ್ನು ಮುಚ್ಚಿತ್ತು. 1989ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಸಮಾವೇಶವೊಂದಕ್ಕೆ ಹೊರಟಿದ್ದ ನೆದರ್ಲೆಂಡ್ಸ್‌ನ ಏಡ್ಸ್ ಕಾರ್ಯಕರ್ತರೊಬ್ಬರ ಸಾಮಾನಿನಲ್ಲಿ ಎಝೆಡ್‌ಟಿ ಔಷಧ ಸಿಕ್ಕಿತೆಂದು ಅವರನ್ನು ಮಿನ್ನೆಸೋಟದಲ್ಲಿ ಹಿಡಿದು ಜೈಲಿನಲ್ಲಿಟ್ಟರು. ವೈರಸ್ಸಿನ ವಿರುದ್ಧ ಅಂದು ಮಾನ್ಯತೆ ಪಡೆದಿದ್ದ ಔಷಧ ಅದೊಂದೇ. ಮೊದಮೊದಲು ಅದನ್ನು ನಾಲ್ಕು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ ಎದ್ದು ನುಂಗಬೇಕಿತ್ತು. ಹಾಗೆ ಎದ್ದು ನುಂಗುವುದು ಎಂಥದ್ದು, ಅದು ಮೈಗೆ ಏನು ಮಾಡುತ್ತದೆ, ಜನ ಯಾಕೆ ಅದನ್ನು ನಡುವೆ ಬಿಟ್ಟುಬಿಡುತ್ತಾರೆ ಎಂದು ಬಲ್ಲವರು ಯಾರೋ ಅವರನ್ನೇ ಹೊರಗಿಟ್ಟು, ಆ ಔಷಧದ ಬಗ್ಗೆ ಒಳಗೆ ಪ್ರಬಂಧ ಮಂಡಿಸುವುದೆಂದರೆ ಮುಖ್ಯ ಸಾಕ್ಷಿಯನ್ನು ಕರೆಸದೆ ತೀರ್ಪು ಬರೆದಂತೆ. 1990ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನವನ್ನು ಅನೇಕ ಸಂಘಟನೆಗಳು ಬಹಿಷ್ಕರಿಸಿದವು. 1992ರಲ್ಲಿ ಬಾಸ್ಟನ್‌ನಲ್ಲಿ ನಡೆಯಬೇಕಿದ್ದದ್ದು ಆಮ್‌ಸ್ಟರ್‌ಡ್ಯಾಮ್‌ಗೆ ಹೋಯಿತು. 2010ರಲ್ಲಿ ನಿಷೇಧ ತೆಗೆದ ಮೇಲೆಯೇ, 2012ರಲ್ಲಿ, ಸಮ್ಮೇಳನ ಅಮೆರಿಕಕ್ಕೆ ಮರಳಿದ್ದು. ಆ ಸಂಘಟಕರು ಸಭಾಂಗಣದ ಸೌಕರ್ಯಕ್ಕಿಂತ ಸಭಿಕರ ಪ್ರವೇಶವನ್ನು ಮೊದಲು ನೋಡಿದರು. ನನ್ನ ಮಟ್ಟಿಗೆ ಅದು ವಿಜ್ಞಾನದ ನಿರ್ಧಾರವೇ ಆಗಿತ್ತು.

ಇಂದಿನ ತಡೆ ಇಷ್ಟು ಬಹಿರಂಗವಾಗಿಲ್ಲ, ಅದು ಅರ್ಜಿಯೊಳಗೆ ಅಡಗಿದೆ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮು ಸಮ್ಮೇಳನಕ್ಕೆ ಬರುವವರನ್ನೂ ಅಲ್ಲೇ ನೆಲೆಸಲು ಬಂದವರೆಂದು ಊಹಿಸಿಕೊಳ್ಳುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರರದು. ಆಹ್ವಾನ ಪತ್ರ, ಪ್ರಬಂಧ ಒಪ್ಪಿಗೆಯಾದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು, ಕೆಲಸದ ಕಡೆಯ ಎನ್‌ಒಸಿ, ಮನೆ ಜಮೀನಿನ ಕಾಗದ ಎಲ್ಲವನ್ನೂ ಹಿಡಿದು ನಿಂತರೂ, ನಾಳೆ ನಾನು ಹೀಗೆ ಮಾಡುವುದಿಲ್ಲ ಎಂಬುದಕ್ಕೆ ಪುರಾವೆ ಎಲ್ಲಿಂದ ತರುವುದು? ಇಲ್ಲದ ಉದ್ದೇಶವನ್ನು ಇಲ್ಲವೆಂದು ಸಾಧಿಸಿ ತೋರಿಸಲು ಯಾವ ತರ್ಕಶಾಸ್ತ್ರಕ್ಕೂ ಆಗದು. ಸಂಶಯ ಉದ್ದೇಶದ ಮೇಲಷ್ಟೇ ಅಲ್ಲ, ಸಂಶೋಧನೆಯ ಮೇಲೂ ಬರುತ್ತದೆ. 2006ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಜಿ ನಿರ್ದೇಶಕ, ರಸಾಯನ ವಿಜ್ಞಾನಿ ಗೋವರ್ಧನ ಮೆಹ್ತಾ ಅವರಿಗೆ ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ವೀಸಾ ಸಿಗಲಿಲ್ಲ. ಅವರ ಸಂಶೋಧನೆಯ ಮೇಲೆ ಸಂಶಯ ಬಂದಿತ್ತು. ವಿಜ್ಞಾನಿಗಳ ಮುಕ್ತ ಸಂಚಾರವನ್ನು ತನ್ನ ತತ್ವವಾಗಿ ಬರೆದುಕೊಂಡಿದ್ದ ಅಂತರರಾಷ್ಟ್ರೀಯ ವಿಜ್ಞಾನ ಮಂಡಳಿಗೆ ಆಗ ಅವರೇ ಅಧ್ಯಕ್ಷರು. ಆಮೇಲೆ ವಿಷಾದ ಬಂತು, ವೀಸಾ ಕೊಡುತ್ತೇವೆಂಬ ಮಾತೂ ಬಂತು, ಅವರು ಹೋಗಲಿಲ್ಲ. ಬಂದವರನ್ನು ಕಾಯಿಸುವುದರ ಬಗ್ಗೆ ನಮ್ಮ ಹಳೆಯ ಕಥೆ ಬೇರೆಯೇ ಹೇಳುತ್ತದೆ. ಕಠೋಪನಿಷತ್ತಿನ ನಚಿಕೇತ ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸ ಕಾಯುತ್ತಾನೆ. ಹಿಂತಿರುಗಿದ ಯಮ ಅವನ ಊರು, ಉದ್ದೇಶ ವಿಚಾರಿಸಲು ಕೂರುವುದಿಲ್ಲ. ಕಾಯಿಸಿದ್ದು ತನ್ನ ದೋಷವೆಂದು ಒಪ್ಪಿ ರಾತ್ರಿಗೊಂದರಂತೆ ವರ ಕೊಡುತ್ತಾನೆ. ಕಾದ ಅತಿಥಿಗೆ ಮನೆಯವರು ಸಾಲಗಾರರು ಎಂಬ ಈ ವಿಚಾರ ನಮ್ಮಲ್ಲಿ ಅಷ್ಟು ಹಳೆಯದು. ವೀಸಾ ವ್ಯವಸ್ಥೆ ಅದನ್ನು ತಲೆಕೆಳಗು ಮಾಡಿದೆ: ಇಲ್ಲಿ ಕಾದವರೇ ಋಣಿಗಳು.

ದೇಶದ ಭದ್ರತೆ ಏನಾಗಬೇಕು ಎಂದು ಕೇಳುವವರ ಆತಂಕ ಹುಸಿಯಲ್ಲ. ತಪಾಸಣೆಯ ಹಕ್ಕು ಸರ್ಕಾರಕ್ಕಿದೆ. ಆದರೆ 1795ರಲ್ಲೇ ತತ್ವಜ್ಞಾನಿ ಕಾಂಟ್ ಶಾಶ್ವತ ಶಾಂತಿಯ ಕುರಿತ ತನ್ನ ಪ್ರಬಂಧದಲ್ಲಿ ಭೇಟಿಯ ಹಕ್ಕನ್ನೂ ನೆಲೆಸುವ ಹಕ್ಕನ್ನೂ ಬೇರ್ಪಡಿಸಿದ್ದ. ಭೂಮಿ ಗುಂಡಗಿದೆ, ಮನುಷ್ಯರು ಅನಂತವಾಗಿ ಚದುರಿಹೋಗಲಾರರು, ಒಬ್ಬರನ್ನೊಬ್ಬರು ಸಹಿಸಲೇಬೇಕು; ಆದ್ದರಿಂದ ಶಾಂತಿಯಿಂದ ಬಂದವರನ್ನು ಶತ್ರುವಿನಂತೆ ಕಾಣಕೂಡದು ಎಂಬುದು ಅವನ ವಾದ. ನಾಲ್ಕು ದಿನದ ಸಮ್ಮೇಳನಕ್ಕಿಂತ ಶುದ್ಧವಾದ ಭೇಟಿ ಯಾವುದಿದೆ? ನಿರಾಕರಿಸುವುದಾದರೆ ಕಾರಣ ಹೇಳಲಿ, ಮೇಲ್ಮನವಿಗೆ ಅವಕಾಶ ಕೊಡಲಿ, ಸಮ್ಮೇಳನ ಮುಗಿಯುವ ಮುಂಚೆ ಹೇಳಲಿ. ಆನ್‌ಲೈನ್‌ನಲ್ಲಿ ಸೇರಿದರೆ ಸಾಲದೇ ಎಂಬುದಕ್ಕೆ ಉತ್ತರ ಸುಲಭ: ಸಾಲುವುದಾದರೆ ಉಳಿದವರೆಲ್ಲ ವಿಮಾನ ಹತ್ತುವುದೇಕೆ? ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕೂಲಿಗೆ ಬರುವವರಿಗೆ, ಆಶ್ರಯ ಕೇಳುವವರಿಗೆ ಇಲ್ಲದ ಸವಲತ್ತು ಪಿಎಚ್.ಡಿ. ಮಾಡಿದವರಿಗೇಕೆ? ವಿಜ್ಞಾನಿಗಳು ಮೇಲಿನವರೆಂದು ನಾನು ಕೇಳುತ್ತಿದ್ದರೆ ಈ ಆಕ್ಷೇಪಕ್ಕೆ ನಾನು ಸೋಲುತ್ತಿದ್ದೆ. ಕಾರಣ ತಿಳಿಯುವ ಹಕ್ಕು ಎಲ್ಲ ಅರ್ಜಿದಾರರಿಗೂ ಬೇಕು. ಸಮ್ಮೇಳನದ ಸಂಗತಿಯಲ್ಲಿ ಇನ್ನೊಂದು ಮಾತು ಕೂಡುತ್ತದೆ: ಇಲ್ಲಿ ಆತಿಥೇಯರು ತಾವಾಗಿ ಕರೆದಿದ್ದಾರೆ, ಜಗತ್ತಿಗೆಲ್ಲ ಸಲ್ಲುವ ಸತ್ಯದ ಹೆಸರಿನಲ್ಲಿ ಕರೆದಿದ್ದಾರೆ.

ಈ ಅಳತೆಗೋಲನ್ನು ನಮ್ಮ ದೇಶಕ್ಕೂ ಹಿಡಿಯಬೇಕು. ಪಾಕಿಸ್ತಾನ, ಅಫ್ಗಾನಿಸ್ತಾನದಂತಹ ದೇಶಗಳ ವಿದ್ವಾಂಸರು ನಮ್ಮಲ್ಲಿಗೆ ಬರಬೇಕಾದರೆ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಅದು ಯಾವಾಗ ಬಂದೀತೆಂದು ಸಂಘಟಕರಿಗೇ ಭರವಸೆ ಇರುವುದಿಲ್ಲ, ಹಾಗಾಗಿ ಕರೆಯುವುದನ್ನೇ ಬಿಡುವುದು ಸಲೀಸೆನಿಸುತ್ತದೆ. 2021ರ ಜನವರಿಯಲ್ಲಿ ಆನ್‌ಲೈನ್ ಅಂತರರಾಷ್ಟ್ರೀಯ ಸಭೆಗಳಿಗೂ ಸರ್ಕಾರದ ಅನುಮತಿ ಕಡ್ಡಾಯವೆಂಬ ಆದೇಶ ಹೊರಟಾಗ ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ ವಿರೋಧಿಸಿ ಪತ್ರ ಬರೆಯಿತು. ಮರುತಿಂಗಳೇ ಆದೇಶವನ್ನು ಹಿಂತೆಗೆದುಕೊಂಡರು. ಪರದೆಯ ಮೇಲೆ ಬರುವವರ ಪರವಾಗಿ ಎತ್ತಿದ ಆ ದನಿಯನ್ನು ಖುದ್ದಾಗಿ ಬರಬೇಕಾದವರ ಪರವಾಗಿಯೂ ನಮ್ಮ ಅಕಾಡೆಮಿಗಳು ಎತ್ತಬೇಕು, ಅದೂ ಮುಂದಿನ ಸಮ್ಮೇಳನದ ಸಭಾಂಗಣ ಗೊತ್ತು ಮಾಡುವ ಮುಂಚೆ.