ಉಣ್ಣುವ ಮುನ್ನ

ಚಿತ್ರಕಲೆ ಕಲಿಯುತ್ತಿದ್ದ ಎರಡನೇ ವರ್ಷ ನಮ್ಮನ್ನು ಬೆಂಗಳೂರಿಗೆ ಸ್ಟಡಿ ಟೂರ್ ಕರೆದೊಯ್ದಿದ್ದರು. ಮೂವತ್ತು ಮಂದಿ ಹುಡುಗ ಹುಡುಗಿಯರು, ಇಬ್ಬರು ಮೇಷ್ಟ್ರು, ಇದ್ದದ್ದು ಒಂದೇ ದಿನ. ಬೆಳಿಗ್ಗೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಮಗ್ಗುಲಲ್ಲೇ ವೆಂಕಟಪ್ಪ ಚಿತ್ರಶಾಲೆ. ಊಟವಾದ ಮೇಲೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನ ಆಧುನಿಕ ಕಲಾ ಸಂಗ್ರಹಾಲಯ, ಸಂಜೆ ಚಿತ್ರಕಲಾ ಪರಿಷತ್ತು. ಅಷ್ಟನ್ನೂ ಮುಗಿಸಿ ರಾತ್ರಿ ಬಸ್ಸು ಹಿಡಿಯಬೇಕು.

ಆ ದಿನದಲ್ಲಿ ನನಗೆ ನಿಚ್ಚಳವಾಗಿ ಉಳಿದಿರುವುದು ಒಂದು ಕಲ್ಲು. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದಿಟ್ಟ, ಕ್ರಿ.ಶ. 950ರ ಸುಮಾರಿನ ಶಾಸನ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ, ಇತಿಹಾಸ ಓದುವವರಿಗೆ ಅದು ಮುಖ್ಯ. ನಮ್ಮ ಕಣ್ಣು ಹೋದದ್ದು ಉಬ್ಬುಶಿಲ್ಪದತ್ತ: ಒಂದು ಬೇಟೆನಾಯಿ, ಒಂದು ಕಾಡುಹಂದಿ, ಎರಡೂ ಒಂದರ ಮೇಲೊಂದು ಬಿದ್ದು ಕಾದುತ್ತಿವೆ. ಸ್ಕೆಚ್ ಪುಸ್ತಕ ತೆಗೆದು ಕೂತೆ. ಹಂದಿಯ ಬೆನ್ನಿನ ಗೆರೆ ಬಂತು. ನಾಯಿಗೆ ಕೈ ಹಚ್ಚುವಷ್ಟರಲ್ಲಿ ಬಾಗಿಲಿಂದ ಕೂಗು: ಊಟಕ್ಕೆ ಹೊತ್ತಾಯ್ತು, ಹೊರಡಿ. ನಾನೂ ಹಸಿದಿದ್ದೆ, ಎದ್ದೆ. ಆ ಹಾಳೆಯಲ್ಲಿ ಹಂದಿ ಯಾರೊಡನೆಯೋ ಕಾದುತ್ತಿದೆ, ಎದುರಾಳಿಯೇ ಇಲ್ಲ.

ಶಾಸನದ ಪಾಠವನ್ನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಏನು ಬೇಕೋ ಕೇಳು ಎಂದನಂತೆ ಒಡೆಯ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಈ ಕಲ್ಲು ನಿಂತಿತು, ಭೂಮಿಯ ದತ್ತಿಯೂ ಆಯಿತು. ಆಮೇಲಿನ ಮಾತು ನನ್ನನ್ನು ತಡೆದು ನಿಲ್ಲಿಸಿತು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಎಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಅಲ್ಲಿ ಕೊರೆದಿದೆ.

ಓದಿ ಎದೆ ಧಸಕ್ಕೆಂದಿತು. ನಾನು ಆ ಕಲ್ಲಿನ ಮುಂದಿನಿಂದಲೇ ಎದ್ದು ಊಟಕ್ಕೆ ಹೋಗಿದ್ದೆ.

ಪಾಪದ ಭಯದಿಂದ ಇದನ್ನು ಹೇಳುತ್ತಿಲ್ಲ. ಸತ್ತ ನಾಯಿಯೊಂದನ್ನು ದಿನಾ ಒಬ್ಬ ಮನುಷ್ಯ ಎದುರು ನಿಂತು ಕಾಣಬೇಕು, ಆಮೇಲೆ ತುತ್ತು ಎತ್ತಬೇಕು ಎಂದು ಬಯಸಿದ ಆ ಮನಸ್ಸು ನನಗೆ ದೊಡ್ಡದಾಗಿ ಕಾಣುತ್ತದೆ. ಕಲ್ಲು ಊರಲ್ಲಿದ್ದಾಗ ಅದನ್ನು ಕಾಣುವುದು ಒಬ್ಬನ ಹೊಣೆ, ಅವನ ಅನ್ನಕ್ಕೆ ಕಟ್ಟಿಹಾಕಿದ ಹೊಣೆ. ನಗರಕ್ಕೆ ಬಂದ ಮೇಲೆ ಅದರ ಮೈಗೆ ಮಳೆ ತಾಗದು, ಯಾರೂ ಒಡೆಯಲಾರರು. ಇಷ್ಟು ಕಾಪಾಡಿದ್ದಕ್ಕೆ ಸಂಗ್ರಹಾಲಯಕ್ಕೆ ನಾನು ಋಣಿ. ಆದರೆ ಗೊರವನ ಜಾಗ ಖಾಲಿಯಾಗಿದೆ. ಅಲ್ಲಿ ನಿಲ್ಲಬೇಕಾದವರು ಯಾರು? ಗೆರೆ ಎಳೆದು ಅನ್ನ ಉಣ್ಣಲು ಹೊರಟ ನಾವೇ ಅಲ್ಲವೇ? ಅವನಿಗೆ ಭೂಮಿ ಸಿಕ್ಕಿತ್ತು, ನಮಗೆ ವಿದ್ಯೆ ಸಿಕ್ಕಿದೆ.

ಅಂದು ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆಯೂ ನಾವು ನಿಲ್ಲಲಿಲ್ಲ. ಅವನೀಂದ್ರನಾಥ ಟಾಗೋರರ ಬಳಿ ಕಲಿತು ಬಂದ ಆ ಕಲಾವಿದರು ಮಂಜನ್ನು ಹಾಳೆಗೆ ಇಳಿಸಿದ್ದು ಎಂಥ ತಾಳ್ಮೆಯಿಂದ! ನಾವು ಸಾಲಿನಲ್ಲಿ ಸಾಗಿದೆವು. ಗುಂಪಿನಲ್ಲಿ ಹೋದಾಗ ಮುಂದಿನವನ ಬೆನ್ನೇ ಹೆಚ್ಚು ಕಾಣುತ್ತದೆ. ಗುಂಪು ಬೇಡವೆನ್ನಲಾರೆ. ಹಳ್ಳಿಯ ಮಗುವೊಂದಕ್ಕೆ ಸಂಗ್ರಹಾಲಯದ ಬಾಗಿಲು ತೆರೆಯುವುದೇ ಇಂಥ ಪ್ರವಾಸದಿಂದ, ನನಗೂ ಹಾಗೆಯೇ ತೆರೆಯಿತು. ಆದರೆ ನಾಲ್ಕು ಕಡೆ ಓಡಿಸಿ ಏನನ್ನೂ ಕಾಣಿಸದೆ ಕರೆತರುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಪಟ್ಟಿಯಲ್ಲಿ ಎರಡು ಜಾಗ ಹೊಡೆದುಹಾಕಿ. ಊಟಕ್ಕೆ ಮುಂಚಿನ ಒಂದು ಗಂಟೆಯನ್ನು ಒಂದೇ ಕಲ್ಲಿಗೆ, ಒಂದೇ ಚಿತ್ರಕ್ಕೆ ಬಿಟ್ಟುಕೊಡಿ. ಯಾವುದಾದರೂ ಮಗು ನಾಯಿಯ ಹಿಂಗಾಲನ್ನು ಇನ್ನೂ ಬರೆಯುತ್ತ ಕೂತಿದ್ದರೆ, ದಯವಿಟ್ಟು ಕೂಗಬೇಡಿ.