ಎರಡನೆಯ ಕಣ್ಣಿನ ಭಾರ

“ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ.” ಮೊದಲ ಮಗುವಿಗೆ ಎರಡು ತುಂಬುವುದೇ ತಡ, ಈ ಗಾದೆ ಮನೆ ಹುಡುಕಿಕೊಂಡು ಬರುತ್ತದೆ. ಮದುವೆಯೂಟದಲ್ಲಿ ಪಕ್ಕದ ಎಲೆಯವರು ಹೇಳುತ್ತಾರೆ, ಅರಿಶಿನ ಕುಂಕುಮಕ್ಕೆ ಕರೆದವರು ತಾಂಬೂಲದ ಜೊತೆಗೇ ಕೊಟ್ಟು ಕಳಿಸುತ್ತಾರೆ. ದನಿಯಲ್ಲಿ ಇರುವುದು ಅಕ್ಕರೆಯೇ, ಅದನ್ನು ಅಲ್ಲಗಳೆಯುವುದಿಲ್ಲ. ಮೈಸೂರಿನ ಚಾಮರಾಜಪುರಂನ ನಮ್ಮ ಬೀದಿಯಲ್ಲಿ ನನಗೂ ಹೇಳಿದವರು ಬೇಕಾದಷ್ಟು ಜನ. ಈಗ ನನಗೆ ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದಿದೆ. ಹೇಳಿದವರಲ್ಲಿ ಹೆಚ್ಚಿನವರು ಈಚೆಗೆ ಈ ಕಡೆ ಸುಳಿದಿಲ್ಲ.

ಗಾದೆಯನ್ನು ಕಟ್ಟಿದ್ದು ಭಯ. ಹುಟ್ಟಿದ್ದೆಲ್ಲ ಉಳಿಯುತ್ತದೆಂಬ ಭರವಸೆ ಇಲ್ಲದಿದ್ದ ಕಾಲದಲ್ಲಿ ಸಿಡುಬು, ವಾಂತಿಭೇದಿ, ಹೆಸರು ತಿಳಿಯದ ಜ್ವರಗಳು ತೊಟ್ಟಿಲು ಬರಿದು ಮಾಡುತ್ತಿದ್ದವು. ಒಂದಕ್ಕೆ ಏನಾದರೂ ಆದರೆ ಇನ್ನೊಂದಿರಲಿ ಎನ್ನುವ ಲೆಕ್ಕ ಆಗಿನವರದು. ನಮ್ಮ ಅಜ್ಜಿಯಂದಿರ ಬಾಯಲ್ಲಿ ಇದು ಇನ್ನೂ ಬಿಗಿಯಾಗಿತ್ತು: “ಒಬ್ಬ ಮಗ ಮಗನಲ್ಲ.” ಹೆಣ್ಣುಮಕ್ಕಳು ಆ ಲೆಕ್ಕಕ್ಕೇ ಇರಲಿಲ್ಲ. 2020ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹುಟ್ಟುವ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುವವು 19. ಇದೇನೂ ಸಣ್ಣ ದುಃಖವಲ್ಲ. ಆದರೂ ಗಾದೆ ಹುಟ್ಟಿದ ದಿನಗಳ ಭಯವನ್ನು ಇವತ್ತಿನ ಸೊಸೆಯ ತಲೆಗೆ ಕಟ್ಟುವಷ್ಟು ದೊಡ್ಡ ಸಂಖ್ಯೆಯಲ್ಲ.

ಜನವೂ ಗಾದೆಯನ್ನು ಮೀರಿ ನಡೆದಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಣ್ಣೊಬ್ಬಳು ಹೆರುವ ಮಕ್ಕಳ ಸರಾಸರಿ 1.7. ಮೈಸೂರಿಗಂತೂ ಈ ಯೋಚನೆ ಹೊಸದಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಮೈಸೂರು ಸಂಸ್ಥಾನ ಆದೇಶ ಮಾಡಿದ್ದು 1930ರಲ್ಲಿ; ಜಗತ್ತಿನ ಹೆಚ್ಚಿನ ಸರ್ಕಾರಗಳು ಆ ಮಾತನ್ನು ಬಾಯಿಬಿಟ್ಟು ಆಡಲೂ ನಾಚುತ್ತಿದ್ದ ಕಾಲ. ಆಮೇಲೆ ಬಂದದ್ದು ಕೆಂಪು ತ್ರಿಕೋನ, “ನಾವಿಬ್ಬರು ನಮಗಿಬ್ಬರು.” ಕಾನೂನಿಗೂ ಎರಡೆಂದರೆ ಸಮ್ಮತ: 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಮೂರನೆಯದಕ್ಕೆ 12. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಸಿಗುತ್ತದೆ; 2022ರಿಂದ ಎರಡನೆಯದಕ್ಕೂ 6,000, ಆದರೆ ಅದು ಹೆಣ್ಣಾದರೆ ಮಾತ್ರ. “ಒಬ್ಬ ಮಗ ಮಗನಲ್ಲ” ಎಂದವರಿಗೆ ಸರ್ಕಾರ ಕೊಟ್ಟ ಉತ್ತರ ಇದು ಎಂದು ನಾನಂತೂ ಓದಿಕೊಂಡಿದ್ದೇನೆ. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಡಾಕ್ಟರು ಹೇಳಬಾರದೆಂಬ ಕಾನೂನು 1994ರದು. ಎದುರುಮನೆ ಅಜ್ಜಿಗೆ ಅದು ಅನ್ವಯಿಸುವುದಿಲ್ಲ: “ಮುಂದಕ್ಕೆ ಚೂಪಾಗಿದೆ ಕಣೇ, ಈ ಸಲ ಗಂಡೇ!”

ಇಷ್ಟೆಲ್ಲ ಲೆಕ್ಕದಲ್ಲಿ ಒಂಬತ್ತು ತಿಂಗಳು ಹೊರುವವಳು ಎಲ್ಲಿ? ನನ್ನ ತಕರಾರು ಅದು. ಗಾದೆ ಕಣ್ಣುಗಳನ್ನು ಎಣಿಸುತ್ತದೆ, ಆ ಕಣ್ಣುಗಳಿರುವ ಮುಖವನ್ನು ನೋಡುವುದಿಲ್ಲ.

ಚೊಚ್ಚಲ ಬಸಿರಿಗೆ ನಮ್ಮಲ್ಲಿ ನಡೆಯುವ ಉಪಚಾರ ನೋಡಿ. ಮೊಗ್ಗಿನ ಜಡೆ, ಹಸಿರು ಬಳೆ, ಮಡಿಲು ತುಂಬುವುದು, ಬಗೆಬಗೆಯ ಚಿತ್ರಾನ್ನ, ಆಮೇಲೆ ತವರಿನ ಬಾಣಂತನ. ಎರಡನೆಯದಕ್ಕೆ ಹೆಚ್ಚಿನ ಮನೆಗಳಲ್ಲಿ ಸೀಮಂತವೇ ಇಲ್ಲ; ತವರಿನವರು ಕರೆದರೂ ಮೊದಲ ಮಗುವಿನ ಶಾಲೆ ಬಿಡಿಸಿಕೊಂಡು ಹೋಗುವುದು ಹೇಗೆ? ಸೀಮಂತ ಇಲ್ಲವೆಂದು ನನಗೇನೂ ಬೇಸರವಿಲ್ಲ, ಆ ಜಡೆ ಹೊತ್ತು ಕೂರುವುದೇ ಒಂದು ಶಿಕ್ಷೆ. ಆದರೆ “ನಿನಗೆಲ್ಲ ಗೊತ್ತಿರೋದೇ ಅಲ್ವಾ” ಎಂಬ ಮಾತಿದೆಯಲ್ಲ, ಅದು ಅಪಾಯದ್ದು.

ಗೊತ್ತಿರುವುದು ಮೊದಲನೆಯದರ ಕಥೆ. ಮೊದಲ ಸಲ ಐದನೆಯ ತಿಂಗಳಲ್ಲಿ ತಿಳಿದ ಒದೆತ ಈ ಸಲ ನಾಲ್ಕರಲ್ಲೇ ತಿಳಿಯಿತು. ಸುಳ್ಳು ನೋವುಗಳು ಬೇಗ ಶುರುವಾಗಿ ಜೋರಾಗಿಯೇ ಹಿಂಡುತ್ತವೆ. ಚೊಚ್ಚಲಿನಲ್ಲಿ ಹೆರಿಗೆಗೆ ಎರಡು ಮೂರು ವಾರ ಮೊದಲೇ ಕೆಳಗೆ ಇಳಿಯುವ ಮಗುವಿನ ತಲೆ, ಎರಡನೆಯದರಲ್ಲಿ ನೋವು ಶುರುವಾಗುವತನಕ ಇಳಿಯದೆಯೂ ಇರಬಹುದು. “ಇನ್ನೂ ಹೊಟ್ಟೆ ಇಳಿದೇ ಇಲ್ಲ, ನಿಧಾನ ಇದೆ” ಎಂಬ ಅಜ್ಜಿಯ ಭರವಸೆಯನ್ನು ನಂಬಿ ಕೂರುವಂತಿಲ್ಲ. ಹೆರಿಗೆಯೂ ಸಾಮಾನ್ಯವಾಗಿ ಮೊದಲಿಗಿಂತ ಬೇಗ ಮುಗಿಯುತ್ತದೆ. ಚಾಮರಾಜಪುರಂನಿಂದ ಚೆಲುವಾಂಬ ಆಸ್ಪತ್ರೆ ದೂರವೇನಲ್ಲ, ಆದರೂ ನಡುರಾತ್ರಿ ಆಟೋ ಸಿಗಬೇಕಲ್ಲ. ಇನ್ನು ತಾಯಿಯ ರಕ್ತದ ಗುಂಪು ನೆಗೆಟಿವ್, ಮೊದಲ ಮಗುವಿನದು ಪಾಸಿಟಿವ್ ಆಗಿದ್ದರೆ, ಎರಡನೆಯದೂ ಪಾಸಿಟಿವ್ ಆದಾಗ ತೊಂದರೆ ಕಾಣಿಸಿಕೊಳ್ಳಬಹುದಾದದ್ದು ಆ ಮಗುವಿಗೆ. ಮೊದಲ ಹೆರಿಗೆಯಲ್ಲಿ ತಾಯಿಯ ದೇಹ ಕಲಿತ ಹಗೆ, ಎರಡನೆಯದರ ರಕ್ತಕಣಗಳ ಮೇಲೆ ತಿರುಗಬಹುದು. 28ನೇ ವಾರದ ಹೊತ್ತಿಗೆ ಒಂದು, ಹೆರಿಗೆಯಾದ 72 ಗಂಟೆಯೊಳಗೆ ಒಂದು ಆಂಟಿ-ಡಿ ಇಂಜೆಕ್ಷನ್ ಇದನ್ನು ತಡೆಯುತ್ತದೆ. ಎರಡು ಬಸಿರಿನ ನಡುವೆ ಕನಿಷ್ಠ 24 ತಿಂಗಳ ಬಿಡುವಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಾದೆ ಹೇಳುವವರು ಈ ಬಿಡುವಿನ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ.

ಇದೆಲ್ಲ ತಾಯಿ ಕಾರ್ಡಿನಲ್ಲಿ ಬರೆದಿಡುವಂಥದ್ದು. ಬರೆಯಲು ಬಾರದ್ದು ಮೆಟ್ಟಿಲ ಮೇಲೆ ನಡೆಯುತ್ತದೆ. ಬಾಲವಾಡಿಯಿಂದ ಬಂದ ಮಗಳು ಮೂರನೆಯ ಮೆಟ್ಟಿಲಿಗೆ ನಿಂತು ಎರಡೂ ಕೈ ಮೇಲೆತ್ತುತ್ತಾಳೆ: “ಎತ್ಕೋ.” ಆಗುವುದಿಲ್ಲ ಕಂದ ಎಂದರೆ ತುಟಿ ಉಬ್ಬುತ್ತದೆ. ಕಡೆಗೆ ನಾನೇ ಮೆಟ್ಟಿಲ ಮೇಲೆ ಕೂರುತ್ತೇನೆ. ಅವಳು ನನ್ನ ತೊಡೆ ಏರಿ, ಹೊಟ್ಟೆ ಬಿಟ್ಟು ಉಳಿದ ನಾಲ್ಕು ಬೆರಳಗಲ ಜಾಗದಲ್ಲಿ ಕೂರಲು ನೋಡಿ, ಜಾರಿ, ಮತ್ತೆ ಏರಿ, “ಪಾಪುಗೆ ಸ್ವಲ್ಪ ಆಕಡೆ ಹೋಗು ಅಂತ ಹೇಳಮ್ಮ” ಎನ್ನುತ್ತಾಳೆ. ಒಳಗಿನದು ಅದೇ ಹೊತ್ತಿಗೆ ಒಂದು ಒದ್ದರೆ ಅವಳೂ ವಾಪಸು ಗುದ್ದುತ್ತಾಳೆ. ಎಡಮಗ್ಗುಲಲ್ಲಿ ಮಲಗಿ ಎಂದು ಡಾಕ್ಟರು ಹೇಳಿದ್ದಾರೆ. ಬಲಕ್ಕೆ ಮಲಗುವ ಅವಳಿಗೆ ಅಮ್ಮ ಬೆನ್ನು ಹಾಕಿದಳೆಂಬ ದುಃಖ. ಹಾಸಿಗೆಯಲ್ಲಿ ಜಾಗ ಬದಲಾಯಿಸಿಕೊಂಡ ಮೇಲೆ ಆ ಜಗಳ ನಿಂತಿತು.

ಗಾದೆಯಲ್ಲಿ ಸತ್ಯವಿದ್ದರೆ ಇಲ್ಲೇ ಇದೆ, ಹೇಳುವವರು ತಿಳಿದ ಕಡೆಯಲ್ಲಲ್ಲ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ, ತಡವರಿಸುತ್ತೀರಿ. ಎರಡು ಕಣ್ಣು ಬೇಕಾಗಿರುವುದು ಒಂದು ಕುರುಡಾದರೆ ಇನ್ನೊಂದಿರಲಿ ಎಂದಲ್ಲ. ಎರಡೂ ಕೂಡಿ ನೋಡಿದರೆ ದೂರ ಹತ್ತಿರ ಸರಿಯಾಗಿ ತಿಳಿಯುತ್ತದೆ. ಒಳಗಿರುವ ಮಗುವನ್ನು ನನ್ನ ಮಗಳ ಬದಲಿಗೆಂದು ಕಾದಿರಿಸಿದ ಮಗುವಾಗಿ ನಾನು ಒಪ್ಪಲಾರೆ. ಹಾಗೆಯೇ ಒಂದೇ ಸಾಕೆಂದವರ ಮನೆಯ ಒಂದು ಮಗುವೂ ಮಗುವೇ. ಗಾದೆಯ ಉತ್ತರಾರ್ಧ ಸುಳ್ಳು.

ನಮ್ಮ ಚಾಮರಾಜಪುರಂನಲ್ಲೇ ತ್ರಿವೇಣಿಯವರ ಮನೆಯಿದೆ, ಈಗ ಅದು ಅವರ ಸ್ಮಾರಕ. ಬಾಣಂತಿಯ ಮನಸ್ಸು ಕೆಡುವುದು ದೆವ್ವವೂ ಅಲ್ಲ, ಪಾಪವೂ ಅಲ್ಲ, ಅದೊಂದು ಕಾಯಿಲೆ ಎಂದು ‘ಶರಪಂಜರ’ದ ಕಾವೇರಿಯ ಮೂಲಕ ಕನ್ನಡಿಗರಿಗೆ ತೋರಿಸಿದ ಲೇಖಕಿ. 1963ರ ಜುಲೈಯಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು; ಆಗ ಅವರಿಗೆ 34 ವರ್ಷ. ಮಗು ಉಳಿಯಿತು, ತಾಯಿ ಹೋದರು. ಈ ನಷ್ಟಕ್ಕೆ ಗಾದೆಯಲ್ಲಿ ಜಾಗವಿಲ್ಲ. 2018–20ರ ಲೆಕ್ಕದಲ್ಲೂ ಕರ್ನಾಟಕದಲ್ಲಿ ಲಕ್ಷ ಜನನಕ್ಕೆ 69 ತಾಯಂದಿರು ಹೀಗೆ ಹೋಗಿದ್ದಾರೆ.

ಈ ಗಾದೆ ಹೇಳುವ ರೂಢಿಯಿರುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಹೇಳಿದ ಮೇಲೆ ಎಂಟನೆಯ ತಿಂಗಳಲ್ಲಿ ಒಮ್ಮೆ ಬನ್ನಿ. ಸಂಜೆ ದೊಡ್ಡ ಮಗುವನ್ನು ಒಂದು ಗಂಟೆ ಪಾರ್ಕಿಗೆ ಕರೆದುಕೊಂಡು ಹೋಗಿ. ಒಂದು ಡಬ್ಬಿ ಸಾರು ತಂದರೆ ಬೇಡವೆನ್ನುವವರು ಯಾರೂ ಇಲ್ಲ. ಆಸ್ಪತ್ರೆಗೆ ಹೊರಡುವ ರಾತ್ರಿ ದೊಡ್ಡದನ್ನು ಯಾರ ಮನೆಯಲ್ಲಿ ಮಲಗಿಸುವುದೆಂದು ಒಂಬತ್ತರ ಬಸುರಿ ನಿದ್ದೆಗೆಟ್ಟು ಯೋಚಿಸುತ್ತಿರುತ್ತಾಳೆ. ನಮ್ಮಲ್ಲಿ ಮಲಗಿಸಿ ಎಂದು ನೀವಾಗಿಯೇ ಹೇಳಿ. ಹೊಸ ಮಗುವಿನ ಮುಖ ನೋಡಲು ಆಮೇಲೆ ನಿಧಾನವಾಗಿ ಬಂದರೂ ಆಯಿತು.