ಎಡಗೈಯ ತುತ್ತು

ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ಮಗು ಎಡಗೈಯಿಂದ ತುತ್ತೆತ್ತಿದರೆ ಹಿರಿಯರು ಕೂಡಲೇ ಗದರುವುದುಂಟು. ಎಡಗೈ ಬಳಸುವುದು ನಿಜಕ್ಕೂ ತಪ್ಪೇ? ಆ ಮಗುವಿನ ತಟ್ಟೆಯನ್ನೇ ಕೇಳೋಣ.

ತೊಗರಿಬೇಳೆಯ ಪ್ರೋಟೀನು ಅಮೈನೋ ಆಮ್ಲಗಳ ಸರಪಳಿ. ಪ್ರೋಟೀನು ಕಟ್ಟುವ 20 ಬಗೆಯ ಅಮೈನೋ ಆಮ್ಲಗಳಲ್ಲಿ ಗ್ಲೈಸಿನ್ ಒಂದನ್ನು ಬಿಟ್ಟು ಉಳಿದವು ಎಡ, ಬಲ ಎಂಬ ಎರಡು ರೂಪಗಳಲ್ಲಿ ಇರಬಲ್ಲವು. ಪರಮಾಣುಗಳು ಅವೇ, ಜೋಡಣೆ ಮಾತ್ರ ನಮ್ಮ ಎರಡು ಕೈಗಳಂತೆ, ಒಂದು ಇನ್ನೊಂದರ ಕನ್ನಡಿ ಬಿಂಬ. ಇಂಥ ಎಡ-ಬಲ ಹರಳುಗಳನ್ನು 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣದಲ್ಲಿ ಗುರುತಿಸಿ ಕೈಯಿಂದಲೇ ಬೇರ್ಪಡಿಸಿದರು. ಜೀವಕೋಶಗಳು ಪ್ರೋಟೀನು ಕಟ್ಟಲು ಬಳಸುವುದು ಎಡರೂಪವನ್ನು. ಜೋಳದ ರೊಟ್ಟಿಯ ಪಿಷ್ಟವಾದರೋ ಬಲರೂಪದ ಗ್ಲೂಕೋಸಿನಿಂದ ಆದದ್ದು. ಊಟಕ್ಕೆ ಎರಡೂ ಬೇಕು.

ಎಡ, ಬಲ ಎಂಬುವು ವಿಜ್ಞಾನಿಗಳು ಗುರುತಿಗಾಗಿ ಇಟ್ಟ ಹೆಸರುಗಳು, ಅವುಗಳಲ್ಲಿ ಮೇಲುಕೀಳಿಲ್ಲ. ಮಗುವಿನ ಎಡಗೈ ಈ ಅಣುಗಳಿಂದ ಬಂದದ್ದೂ ಅಲ್ಲ. ಬಲಗೈಯವರ ಮಾಂಸಖಂಡವೂ ಅದೇ ಎಡರೂಪದ ಪ್ರೋಟೀನಿನದು. ಹೀಗಿರುವಾಗ ರೂಢಿಗೆ ಹೊಂದದ್ದನ್ನೆಲ್ಲ ಪಾಪವೆಂದು ಎಣಿಸುವುದು ನ್ಯಾಯವೇ? ರೂಢಿಯ ಹಿಂದೆ ಶುಚಿತ್ವದ ಕಾಳಜಿ ಇದ್ದರೆ, ಪ್ರಿಯ ತಂದೆತಾಯಿಗಳೇ, ಮಗುವಿಗೆ ಕೈ ತೊಳೆಯಲು ಕಲಿಸೋಣ. ತನ್ನ ಕೈಗಾಗಿ ನಾಚಲು ಮಾತ್ರ ಕಲಿಸುವುದು ಬೇಡ.